ದೊಣ್ಣೆಯ ಹೆಸರಿಗೆ ದೊಣ್ಣೆಜಗಳ

ಬೇರೆಯವರ ಮನೆಯ ಹೊಗೆಗೂಡಿನಲ್ಲಿ ಹಂದಿಯ ತೊಡೆ ತೂಗುತ್ತಿದ್ದರೆ ಗೊಬ್ನಿತಳ ಮನೆಯ ಹೊಗೆಗೂಡಿನಲ್ಲಿ ದೊಣ್ಣೆಗಳು ತೂಗುತ್ತಿದ್ದವು. ಚಳಿಗಾಲದಲ್ಲಿ ಕರಿಮುಳ್ಳಿನ ಪೊದೆಯಿಂದ ಬೇರಿನ ಗಂಟಿನ ಸಮೇತ ಕಿತ್ತು ತಂದ ಕೋಲಿಗೆ ಬೆಣ್ಣೆ ಸವರಿ, ಜೌಗುನೆಲದ ಒಣಹೆಂಟೆ ಉರಿಯುವ ಒಲೆಯ ಮೇಲೆ ಕಟ್ಟಿ ಹೊಗೆ ಕುಡಿಸಬೇಕು. ವರ್ಷ ಕಳೆಯುವಷ್ಟರಲ್ಲಿ ಅದು ಕಾಗೆಯ ಹಾಗೆ ಕಪ್ಪಾಗಿ, ಕಬ್ಬಿಣದ ಹಾಗೆ ಗಟ್ಟಿಯಾಗಿ, ಅಪ್ಪನ ಕೈಯಿಂದ ಮಗನ ಕೈಗೆ ಹೋಗುವಷ್ಟು ಬಾಳಿಕೆ ಬರುತ್ತಿತ್ತು. ಒಲೆ ಎಲ್ಲರ ಮನೆಯಲ್ಲೂ ಇತ್ತು. ಆದರೆ ಕಾರ್ಕ್ ಸೀಮೆಯ ಪಡುವಣ ಗುಡ್ಡಗಳ ನಡುವಿನ ಆ ಕಣಿವೆಯಲ್ಲಿ ಹೊಗೆ ಹದವಾಗಿ ಸುತ್ತಿ ಸುತ್ತಿ ನಿಲ್ಲುವ ಗೂಡು ಇದ್ದದ್ದು ಗೊಬ್ನಿತಳ ಮನೆಯಲ್ಲಿ ಮಾತ್ರ. ಅವಳ ಗಂಡ ಡರ್ಮಟ್ ಅದನ್ನು ಸೊಟ್ಟಗೆ ಕಟ್ಟಿದ್ದ. ಅವನು ಬದುಕಿರುವತನಕ ಗೊಬ್ನಿತ್ ಆ ಸೊಟ್ಟ ಗೂಡಿಗಾಗಿ ಅವನನ್ನು ಬೈದಳು. ಅವನು ಜ್ವರ ಬಂದು ತೀರಿಕೊಂಡ ಮೇಲೆ ಆ ಗೂಡೇ ಅವಳಿಗೆ ಅನ್ನ ಹಾಕಿತು. ದೊಣ್ಣೆ ತೂಗುಹಾಕಿದವರೆಲ್ಲ ಆಲೂಗಡ್ಡೆಯನ್ನೋ ಹೆಂಟೆಯ ಹೊರೆಯನ್ನೋ ತಂದಿಳಿಸಿ ಹೋಗುತ್ತಿದ್ದರು.

ಗೂಡಿನ ಎಡಗಡೆ ಬಾರಿನವರ ದೊಣ್ಣೆಗಳು, ಬಲಗಡೆ ಕಾಡಿನವರ ದೊಣ್ಣೆಗಳು. ನಡುವೆ ಒಂದು ಹಗ್ಗ. ಕಣಿವೆಯ ಎರಡು ಪಂಗಡಗಳು ಒಂದೇ ಸೂರಿನ ಕೆಳಗೆ ಹೊಡೆದಾಡದೆ ಇರುತ್ತಿದ್ದದ್ದು ಅಲ್ಲೊಂದೇ ಕಡೆ, ಅದೂ ಹಿಡಿಯುವವರು ಇಲ್ಲದಾಗ.

ಜಗಳ ಹುಟ್ಟಿದ್ದು ಹಿಂದಿನ ತಲೆಮಾರಿನಲ್ಲಿ. ಗೊಬ್ನಿತಳ ಅಪ್ಪನೂ ಡರ್ಮಟ್ಟನ ಅಪ್ಪನೂ ಆಗ ಪ್ರಾಣಸ್ನೇಹಿತರು. ಇಬ್ಬರೂ ಒಟ್ಟಿಗೆ ಮೂಡಣ ಸೀಮೆಗೆ ಹುಲ್ಲು ಕೊಯ್ಯಲು ಹೋದವರು, ಬರುವಾಗ ಒಂದು ಹೊಸ ಮಾತು ಹೊತ್ತುಕೊಂಡು ಬಂದರು: ಶಿಲ್ಲೇಲಾ. ಮೂಡಣದವರು ಗಂಟುದೊಣ್ಣೆಯನ್ನು ಹಾಗೆ ಕರೆಯುತ್ತಾರಂತೆ. ಅಲ್ಲಿಯತನಕ ಕಣಿವೆಯಲ್ಲಿ ಕೋಲನ್ನು ಕೋಲು ಎನ್ನುತ್ತಿದ್ದರು. ಹೊಡೆಯುವುದಕ್ಕೆ ಅಷ್ಟೇ ಸಾಕಾಗಿತ್ತು. ಒಂದು ದಿನ ಸಾವಿನ ಮನೆಯಲ್ಲಿ ಹೆಣ ಕಾಯುತ್ತ ಕುಳಿತಿದ್ದಾಗ ಗೊಬ್ನಿತಳ ಅಪ್ಪ, "ಅದು ನಮ್ಮ ಭಾಷೇದೇ ಮಾತು. 'ಸಲ್' ಅಂದ್ರೆ ದೊಣ್ಣೆ, 'ಏಲ್ಯ' ಅಂದ್ರೆ ಬಾರು. ಮಣಿಕಟ್ಟಿಗೆ ಬಾರು ಕಟ್ಕೊಳ್ಳೋ ದೊಣ್ಣೆ" ಎಂದ. ಡರ್ಮಟ್ಟನ ಅಪ್ಪ ಹೊಗೆಸೊಪ್ಪಿನ ಕೊಳವೆಯನ್ನು ಬಾಯಿಂದ ತೆಗೆದು, "ನಿನ್ ತಲೆ. ಮೂಡಣದಲ್ಲಿ ಶಿಲ್ಲೇಲಾ ಅಂತ ಓಕ್ ಮರದ ಕಾಡೈತೆ. ಕಾಡಿನ ಹೆಸ್ರೇ ಕೋಲಿಗೆ ಬಂತು" ಎಂದ. ಆ ರಾತ್ರಿಯ ಹೊಡೆದಾಟದಲ್ಲಿ ಪಾಲ್ಗೊಳ್ಳದೆ ಇದ್ದವನು ಹೆಣವಾಗಿ ಮಲಗಿದ್ದವನೊಬ್ಬನೇ.

ಅಂದಿನಿಂದ ಮೇಲಿನ ಕೇರಿ ಬಾರಿನವರದು, ಕೆಳಗಿನ ಕೇರಿ ಕಾಡಿನವರದು. ಪ್ರತಿ ವರ್ಷ ಶರತ್ಕಾಲದ ದನದ ಸಂತೆಯಲ್ಲಿ ವ್ಯಾಪಾರ ಮುಗಿದ ಮೇಲೆ ಅದೇ ಮಾತಿಗೆ ಹೊಡೆದಾಟ. ಕಾಡಿನವರ ಕೈಯಲ್ಲಿ ಒಂದಾದರೂ ಓಕ್ ಮರದ ಕೋಲಿರಲಿಲ್ಲ, ಬಾರಿನವರಲ್ಲಿ ಅರ್ಧ ಜನರ ಕೋಲಿಗೆ ಬಾರಿರಲಿಲ್ಲ. ಅದನ್ನು ಎತ್ತಿ ಹೇಳುವ ಧೈರ್ಯ ಯಾರಿಗಿತ್ತು? ರಾಜಿಯಾಗಲಿ ಎಂದು ಪಾದ್ರಿಗಳು ನಡುವೆ ನಿಂತು ಬಾರಿನವರ ಗೊಬ್ನಿತಳನ್ನು ಕಾಡಿನವರ ಡರ್ಮಟ್ಟನಿಗೆ ಕೊಟ್ಟು ಮದುವೆ ಮಾಡಿಸಿದರು. ಮದುವೆಯ ಊಟದಲ್ಲೇ ಹೊಡೆದಾಟವಾಗಿ, ಮದುಮಗಳು ಬಿಳಿ ಮುಸುಕು ಹರಿದು ಎರಡೂ ಕಡೆಯವರ ತಲೆಗೆ ಪಟ್ಟಿ ಕಟ್ಟಿದಳು.

ಪಟ್ಟಿ ಕಟ್ಟುವುದು, ರಕ್ತದ ಅಂಗಿ ಒಗೆಯುವುದು, ಅವಳ ಪಾಲಿನ ಸಂತೆ ಅಷ್ಟೇ. ಆದರೆ ಗೊಬ್ನಿತಳಿಗೆ ದೊಣ್ಣೆ ಬೀಸಲು ಬರುತ್ತಿತ್ತು. ತಮ್ಮ ಫಿನೀನ್ ಹುಟ್ಟುವುದು ತಡವಾದ್ದರಿಂದ ಅಪ್ಪ ಬೇಸರ ಕಳೆಯಲು ಮಗಳಿಗೇ ಕಲಿಸಿದ್ದ: ಬುಡದಿಂದ ಒಂದು ಗೇಣು ಬಿಟ್ಟು ಹಿಡಿ, ಬಿಟ್ಟ ಗೇಣು ಮೊಣಕೈಗೆ ಕಾವಲು, ಕಣ್ಣು ಎದುರಾಳಿಯ ಕೋಲಿನ ಮೇಲಲ್ಲ, ಹೆಗಲ ಮೇಲೆ. ಹೆಂಗಸರು ಸಂತೆಯ ಜಗಳದಲ್ಲಿ ಕಾಲ್ಚೀಲದೊಳಗೆ ಕಲ್ಲು ಹಾಕಿ ಬೀಸಬಹುದಿತ್ತು, ಕೋಲು ಹಿಡಿಯುವ ಹಾಗಿರಲಿಲ್ಲ. ಗಂಡಸರು ಹೆಂಗಸಿನ ಮೇಲೆ ಕೈ ಎತ್ತುವ ಹಾಗಿರಲಿಲ್ಲ. ಹೀಗಾಗಿ ಅವಳ ವಿದ್ಯೆ ಅಲ್ಲೇ ತುಕ್ಕು ಹಿಡಿಯುತ್ತಿತ್ತು.

ಆ ವರ್ಷ ಸಂತೆಗೆ ಒಂದು ವಾರ ಇದೆ ಎನ್ನುವಾಗ ಪೀಪಾಯಿ ಕಟ್ಟುವವನೊಬ್ಬ ಕಣಿವೆಗೆ ಬಂದ. ಗ್ಯಾರೆಟ್ ಓಟೂಲ್ ಎಂದು ಹೆಸರು. ಉದ್ದನೆಯ ಆಳು, ನಿಧಾನದ ಮಾತು, ಬೆನ್ನ ಮೇಲೆ ಹತಾರಗಳ ಚೀಲ. ಗೊಬ್ನಿತಳ ಬೆಣ್ಣೆ ಕಡೆಯುವ ಮರದ ಕೊಳಗ ಸೋರುತ್ತಿತ್ತು. ಅವನು ಒಲೆಯ ಪಕ್ಕ ಕುಳಿತು ಅದರ ಪಟ್ಟಿ ಬಿಚ್ಚತೊಡಗಿದ. ಎದುರಿನ ಮೂಲೆಯಲ್ಲಿ ಗೊಬ್ನಿತಳ ಅತ್ತೆ ಹೊನೋರಾ ಕೊಳವೆ ಸೇದುತ್ತ ಕುಳಿತಿದ್ದಳು. ಹೊನೋರಾಳಿಗೆ ಕಿವಿ ಕೇಳುತ್ತಿರಲಿಲ್ಲ. ನೀರು ತನ್ನಿ ಎಂದರಂತೂ ಸುತರಾಂ ಕೇಳುತ್ತಿರಲಿಲ್ಲ.

"ಯಾವೂರಪ್ಪ ನಿಮ್ದು?" ಮಜ್ಜಿಗೆಯ ಬಟ್ಟಲು ಕೊಡುತ್ತ ಗೊಬ್ನಿತ್ ಕೇಳಿದಳು.

"ಮೂಡಲ ಕಡೆ ಕಣಮ್ಮ. ವಿಕ್ಲೋ ಸೀಮೆ. ಶಿಲ್ಲೇಲಾ ಅಂತ ಊರು."

ಗೊಬ್ನಿತ್ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

"ಇನ್ನೊಂದ್ ಸಲ ಆ ಹೆಸರು ಬಾಯಲ್ಲಿ ಬರಬಾರದು. ಯಾರಾದ್ರೂ ಕೇಳಿದ್ರೆ ಡಬ್ಲಿನ್ ಅನ್ನು, ಲಂಡನ್ ಅನ್ನು, ನರಕ ಅಂತ ಬೇಕಾದ್ರೂ ಅನ್ನು."

"ಯಾಕಮ್ಮ, ನಮ್ಮೂರು ಏನ್ ಮಾಡ್ತು?"

"ಏನಂದ ಅವ್ನು?" ಮೂಲೆಯಿಂದ ಹೊನೋರಾ ಕೂಗಿದಳು. "ಶಿಲ್ಲೇಲಾ ಅಂದ್ನಾ? ನಮ್ ಕಾಡಿನವನಾ?"

"ಇಲ್ಲಾ ಅತ್ತೆಮ್ಮಾ! ಚಳಿ ಅಲ್ವಾ ಅಂದ!"

"ನಂಗೇನು ಕಿವುಡಾ?" ಎಂದು ಹೊನೋರಾ ಕೊಳವೆ ಕೊಡವಿ ಎದ್ದಳು. ಆರು ತಿಂಗಳಿಂದ ಹಟ್ಟಿಯ ತನಕ ನಡೆಯಲಾರದ ಮುದುಕಿ, ಗೊಬ್ನಿತ್ ಶಾಲು ಹುಡುಕುವಷ್ಟರಲ್ಲಿ ಕೆಳಗಿನ ಕೇರಿಯ ಹಾದಿಯಲ್ಲಿ ಅರ್ಧ ದೂರ ಹೋಗಿಯಾಗಿತ್ತು.

ಸಂಜೆಯೊಳಗೆ ಕಣಿವೆಗೆಲ್ಲ ಸುದ್ದಿ. ಮೊದಲು ಬಂದವನು ಹೊನೋರಾಳ ಕಿರಿಯ ಮಗ ಮಾಹನ್, ಕಾಡಿನವರ ಮುಂದಾಳು. ಗೂಳಿಯಂಥ ಕತ್ತು, ಮಗುವಿನಂಥ ದನಿ. ಕೈಯಲ್ಲಿ ಉಪ್ಪುಮೀನಿನ ಗೊಂಚಲು. "ಅತ್ತಿಗೆ, ನಿಮ್ಮ ನೆಂಟರಿಗೆ ಅಂತ ತಂದೆ" ಎಂದು ಗ್ಯಾರೆಟ್ಟನ ಮಡಿಲಿಗೇ ಹಾಕಿದ. ಅವನ ಬೆನ್ನಿಗೇ ಫಿನೀನ್ ಬಂದ. ಬಾರಿನವರ ಮುಂದಾಳು, ಕೆಂಪು ಕೂದಲು, ಮೂಗು ಎರಡು ಸಲ ಮುರಿದು ಮೂರನೆಯ ದಿಕ್ಕಿಗೆ ತಿರುಗಿತ್ತು. ಅವನ ಕಂಕುಳಲ್ಲಿ ಕಳ್ಳಭಟ್ಟಿಯ ಸೀಸೆ. "ಅಕ್ಕಾ, ಪಾಪ, ದೂರದಿಂದ ಬಂದವ್ರು, ಗಂಟಲು ಒಣಗಿರತ್ತೆ" ಎಂದ.

ಗ್ಯಾರೆಟ್ ಮೀನು ತಿಂದ, ಕಳ್ಳಭಟ್ಟಿ ಕುಡಿದ. ಕಣಿವೆಯ ಜನ ಎಷ್ಟು ಒಳ್ಳೆಯವರು ಎಂದು ಗೊಬ್ನಿತಳ ಹತ್ತಿರ ಹೇಳಿದ. ಅವಳು ತಲೆ ಚಚ್ಚಿಕೊಂಡಳು.

ಭಾನುವಾರದ ಪೂಜೆ ಮುಗಿದ ಮೇಲೆ ಗೊಬ್ನಿತಳ ಅಂಗಳದಲ್ಲೇ ಗ್ಯಾರೆಟ್ಟನ ಬಾಯಿಂದ ತೀರ್ಪು ಎಂದು ಎರಡೂ ಕಡೆಯವರು ಒಪ್ಪಿದರು. ಒಳಗೆ ಕೊಳಗಕ್ಕೆ ಹೊಸ ಪಟ್ಟಿ ಬಡಿಯುತ್ತಿದ್ದ ಗ್ಯಾರೆಟ್ಟನಿಗೆ ಗೊಬ್ನಿತ್ ವಿಷಯವೆಲ್ಲ ಬಿಡಿಸಿ ಹೇಳಿ, "ನಾಳೆ ಬೆಳಗ್ಗೆನೇ ಹೊರಟ್ಬಿಡು" ಎಂದಳು.

"ಕೆಲಸ ಅರ್ಧ ಆಗೈತಲ್ಲಮ್ಮ. ಒಂದ್ ಮಾತು ಕೇಳ್ತಾರೆ, ಒಂದ್ ಮಾತು ಹೇಳ್ತೀನಿ. ಅದರಲ್ಲೇನು?"

"ಒಂದ್ ಮಾತಿಗೇ ನನ್ ಮದುವೆ ಮುಸುಕು ಹರಿದದ್ದು."

ಅವನು ನಕ್ಕ. ಇಡೀ ಮುಖ ಅಗಲವಾಗುವ ನಗು. ಡರ್ಮಟ್ ತೀರಿಕೊಂಡ ಮೇಲಿನ ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಗಂಡಸೊಬ್ಬ ಜಗಳದ ಮಾತಿಗೆ ನಕ್ಕದ್ದು ಗೊಬ್ನಿತಳಿಗೆ ನೆನಪಿರಲಿಲ್ಲ. ಮತ್ತೆ ಹೊರಡು ಎನ್ನಲಿಲ್ಲ.

ಭಾನುವಾರ ಎರಡೂ ಕೇರಿಯವರು ಚರ್ಚಿನಿಂದ ನೆಟ್ಟಗೆ ಅಂಗಳಕ್ಕೆ ಬಂದು, ನಡುವೆ ದಾರಿ ಬಿಟ್ಟು ನಿಂತರು. ಪೂಜೆಗೆ ಕೋಲು ತರಬಾರದೆಂದು ಪಾದ್ರಿಗಳ ಕಟ್ಟಪ್ಪಣೆಯಿದ್ದುದರಿಂದ ಎಲ್ಲರದೂ ಬರಿಗೈ. ಹೊನೋರಾಳಿಗೆ ಮೊದಲ ಸಾಲಿನಲ್ಲಿ ಪೀಠ. ಗ್ಯಾರೆಟ್ಟನನ್ನು ತೊಳೆದ ಪೀಪಾಯಿಯೊಂದರ ಮೇಲೆ ಕೂರಿಸಿದರು. ಫಿನೀನ್ ಒಳಗಿನಿಂದ ಒಂದು ದೊಣ್ಣೆ ತರಿಸಿ, ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದ.

"ಅಣ್ಣಾ, ಮಾತೆ ಮರಿಯಮ್ಮನ ಮೇಲೆ ಆಣೆ ಇಟ್ಟು ಹೇಳು. ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?"

ಗ್ಯಾರೆಟ್ ದೊಣ್ಣೆಯನ್ನು ತಿರುಗಿಸಿ ನೋಡಿದ, ಗಂಟನ್ನು ಬೆರಳಿಂದ ತಟ್ಟಿದ, ಮೂಸಿಯೂ ನೋಡಿದ.

"ಕೋಲು" ಎಂದ.

"ಕೋಲು ಅಂದ್ರೆ?"

"ಕೋಲು ಅಂದ್ರೆ ಕೋಲು. ದನ ಹೊಡ್ಕೊಂಡು ಹೋಗ್ತಾರಲ್ಲ."

ಮಾಹನ್ ಮುಂದೆ ಬಂದ. "ಹೋಗ್ಲಿ ಬಿಡಣ್ಣ, ಹೆಸರು ಆಮೇಲೆ. ನಿಮ್ಮ ಕಾಡಿನ ಸುದ್ದಿ ಹೇಳು. ಹತ್ತು ಆಳು ಅಪ್ಪಿದ್ರೂ ಸಿಗದಂಥ ಓಕ್ ಮರಗಳು ಅಂತಿದ್ದ ನಮ್ಮಪ್ಪ."

"ಯಾವ ಕಾಡಪ್ಪ? ಹಡಗಿಗೆ ಅಂತ ಒಬ್ರು, ಪೀಪಾಯಿಗೆ ಅಂತ ಒಬ್ರು ಕಡಿದು ಕಡಿದು ಈಗ ಅಲ್ಲಿ ಕುರಿ ಮೇಯ್ತವೆ. ಮರ ಇದ್ದಿದ್ರೆ ನಾನ್ಯಾಕೆ ಊರು ಬಿಟ್ಟು ಬರ್ತಿದ್ದೆ?"

ಕಾಡಿನವರ ಮುಖ ಬಾಡಿತು. ಬಾರಿನವರ ಕಡೆ ಶಿಳ್ಳೆ ಎದ್ದಿತು. ಫಿನೀನ್ ಎದೆಯುಬ್ಬಿಸಿ ಕೇಳಿದ, "ಹಂಗಾದ್ರೆ ಬಾರೇ ಸರಿ ಅಂದಂಗಾಯ್ತು. ಕೋಲಿಗೆ ಬಾರು ಕಟ್ಟೋದು ನಿಮ್ಮ ಕಡೆ ಉಂಟು ತಾನೇ?"

"ಉಹೂಂ" ಎಂದ ಗ್ಯಾರೆಟ್, ಯೋಚನೆ ಮಾಡಿ. "ಬಾರು ಕಟ್ಕೊಂಡ್ರೆ ಓಡಿ ಹೋಗೋವಾಗ ಕೋಲು ಬಿಸಾಕಕ್ಕೆ ಆಗಲ್ವಲ್ಲ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು.

"ಓಡಿ ಹೋಗೋವಾಗ?" ಫಿನೀನನ ಮುಖ ಕೂದಲಿಗಿಂತ ಕೆಂಪಾಯಿತು. "ಓಡಿ ಹೋಗೋವಾಗ ಅಂದ್ಯಾ? ಬಾರಿನವರು ಯಾವತ್ತು ಓಡಿದ್ರೋ?"

"ನಮ್ಮಪ್ಪನ್ನ ಸುಳ್ಳ ಅಂದ ಇವ್ನು!" ಮಾಹನನ ಮಗುದನಿ ಕೀರಲಾಯಿತು. "ಅವ್ವಾ, ಅಪ್ಪ ಸುಳ್ಳ ಅಂತೆ!"

"ಅದು ನಂಗೆ ಗೊತ್ತು ಬಿಡೋ" ಎಂದಳು ಹೊನೋರಾ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಪ್ಪಂದಿರ ಕಾಲದಿಂದ ಒಂದಾಗದವರು ಆ ಕ್ಷಣ ಒಂದಾದರು. "ಹಿಡೀರಿ ಅವನ್ನ!" ಎಂದು ಫಿನೀನ್ ಕೂಗಿದರೆ "ಕೋಲು ತನ್ರೋ!" ಎಂದು ಮಾಹನ್ ಕೂಗಿದ. ಗ್ಯಾರೆಟ್ ಕೈಯಲ್ಲಿದ್ದ ದೊಣ್ಣೆಯನ್ನು ಅಲ್ಲೇ ಬಿಸಾಡಿ, ತಾನು ಹೇಳಿದ್ದು ಎಷ್ಟು ನಿಜವೆಂದು ತೋರಿಸಿಕೊಡುತ್ತ ಮನೆಯೊಳಗೆ ಓಡಿದ. ಎಲ್ಲರ ಕೋಲುಗಳೂ ಆ ಮನೆಯ ಹೊಗೆಗೂಡಿನಲ್ಲೇ ತೂಗುತ್ತಿದ್ದವು. ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಬಾಗಿಲಲ್ಲಿ ಗೊಬ್ನಿತ್ ನಿಂತಿದ್ದಳು. ಅವಳ ಕೈಯಲ್ಲಿ ಡರ್ಮಟ್ಟನ ದೊಣ್ಣೆ, ಬುಡದಿಂದ ಒಂದು ಗೇಣು ಬಿಟ್ಟು.

"ಅಕ್ಕಾ, ದಾರಿ ಬಿಡು."

"ಬಿಡಲ್ಲ."

"ಅತ್ತಿಗೆ, ಇದು ಗಂಡಸರ ವಿಷಯ."

"ಮನೆ ನಂದು ಕಣೋ ಮಾಹನ್. ನನ್ ಉಪ್ಪುಮೀನು ತಿಂದವನು ನನ್ ನೆಂಟ."

"ಮೀನು ನಾನ್ ತಂದದ್ದು!"

"ತಂದದ್ದು ನೀನು, ಹುರಿದದ್ದು ನಾನು. ಹಿಂದಕ್ ಹೋಗು."

ಇಬ್ಬರೂ ಹಿಂದಕ್ಕೆ ಹೋಗಲಿಲ್ಲ. ಹೆಂಗಸು ತಾನೇ, ಪಕ್ಕಕ್ಕೆ ಸರಿಸಿದರಾಯಿತು ಎಂದು ತಮ್ಮನೂ ಮೈದುನನೂ ಹೆಗಲಿಗೆ ಹೆಗಲು ಕೊಟ್ಟು ಬಾಗಿಲಿಗೆ ನುಗ್ಗಿದರು. ಗೊಬ್ನಿತ್ ದೊಣ್ಣೆ ಎತ್ತಿದಳು. ಎತ್ತಿದ ರಭಸಕ್ಕೆ ಕೋಲಿನ ಗಂಟು ಅವಳ ಹಿಂದೆ ಇಣುಕುತ್ತಿದ್ದ ಗ್ಯಾರೆಟ್ಟನ ಹಣೆಗೆ ಠಣ್ಣೆಂದು ತಾಗಿತು. ಅವನು ಕೊಳಗದೊಳಗೆ ಕುಕ್ಕರಿಸಿದ. ಅದೇ ಕೋಲು ಇಳಿಯುವಾಗ ಅಕ್ಕಪಕ್ಕದಲ್ಲಿದ್ದ ಎರಡು ತಲೆಗಳ ಮೇಲೆ ಟಕ್ ಟಕ್ ಎಂದು ಹಾದುಹೋಯಿತು. ಕೆಂಪು ತಲೆ ಎಡಕ್ಕೆ ಬಿತ್ತು, ಗೂಳಿಕತ್ತು ಬಲಕ್ಕೆ ಬಿತ್ತು.

ಆಮೇಲೆ ನಡೆದದ್ದನ್ನು ಕಣಿವೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಬಂದವರೆಲ್ಲ ಬರಿಗೈಯವರು. ಇದ್ದ ಒಂದು ಕೋಲನ್ನು ಯಾರಾದರೂ ನೆಲದಿಂದ ಎತ್ತಿಕೊಂಡರೂ ಹೆಂಗಸಿಗೆ ಹೊಡೆಯುವ ಹಾಗಿಲ್ಲ. ತನ್ನ ಮನೆಬಾಗಿಲಲ್ಲಿ ಅವಳಿಗೆ ಅಂಥ ಕಟ್ಟು ಯಾವುದೂ ಇರಲಿಲ್ಲ. ಮೊಣಕೈಗೆ ಒಂದು, ಮಂಡಿಗೆ ಒಂದು, ಬಗ್ಗಿ ನುಸುಳಲು ಬಂದವನ ಬೆನ್ನಿಗೆ ಒಂದು. ಬಾರಿನವರು ಎಂದು ಹೆಚ್ಚಿಲ್ಲ, ಕಾಡಿನವರು ಎಂದು ಕಡಿಮೆಯಿಲ್ಲ. "ಬಾರೋ, ಹೋದ ವರ್ಷ ನಿನ್ ಅಂಗೀನ ಮೂರು ಸಲ ಒಗೆದೆ ನಾನು!" ಎಂದು ಒಬ್ಬನಿಗೆ. "ನೀನು ತಾನೆ ಹೆಂಟೆ ತರ್ತೀನಿ ಅಂತ ಹೇಳಿ ಮುಖ ತಪ್ಪಿಸ್ಕೊಂಡವ್ನು?" ಎಂದು ಇನ್ನೊಬ್ಬನಿಗೆ. ಹೊನೋರಾ ಪೀಠ ಬಿಟ್ಟೆದ್ದು, "ಕಾಲಿಗೆ ಹೊಡಿಯೇ, ಕಾಲಿಗೆ!" ಎಂದು ಕೂಗುತ್ತಿದ್ದಳು; ಯಾರ ಕಾಲಿಗೆ ಎಂದು ಅವಳೂ ಹೇಳಲಿಲ್ಲ. ಕೊನೆಗೆ ಅಂಗಳ ಖಾಲಿಯಾಗಿ, ಟೊಪ್ಪಿಗೆಗಳು ಮಾತ್ರ ಅಲ್ಲಲ್ಲಿ ಬಿದ್ದಿದ್ದವು.

ಗೊಬ್ನಿತಳ ಎದೆಯೊಳಗೆ ಏನೋ ಕಿಟಕಿ ತೆರೆದ ಹಾಗಾಗಿ, ಹೊಸ್ತಿಲ ಮೇಲೆ ಕುಳಿತು ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಇಷ್ಟು ವರ್ಷ ಇವರು ಈ ಸುಖವನ್ನು ತಮ್ಮಲ್ಲೇ ಇಟ್ಟುಕೊಂಡು ತನಗೆ ಬರೀ ಅಂಗಿ ಒಗೆಯಲು ಕೊಟ್ಟರಲ್ಲ ಎಂದು ಮರುಕ್ಷಣ ಕೋಪವೂ ಬಂತು.

ಒಳಗೆ ಬಂದು ಗ್ಯಾರೆಟ್ಟನನ್ನು ಕೊಳಗದಿಂದ ಎಳೆದು ಕೂರಿಸಿದಳು. ಹಣೆಯ ಮೇಲೆ ಆಲೂಗಡ್ಡೆಯಷ್ಟು ದೊಡ್ಡ ಬೋರೆ.

"ಯಾರ್ ಹೊಡೆದ್ರು?" ಎಂದು ಕೇಳಿದ ಅವನು, ಕಣ್ಣು ಪಿಳುಕಿಸುತ್ತ.

"ನಾನೇ." ಗೊಬ್ನಿತ್ ತಣ್ಣೀರಿನ ಬಟ್ಟೆ ಒತ್ತಿದಳು. "ನಿನ್ನ ಕಾಪಾಡ್ತಿದ್ದೆ."

"ಓಹೋ. ಹಂಗಾದ್ರೆ ನಾನೂ ಸ್ವಲ್ಪ ಹುಷಾರಾಗಿರಬೇಕು."

"ನಿಜ ಹೇಳು ಈಗ. ನಿಮ್ಮೂರಲ್ಲಿ ಅದಕ್ಕೆ ಹೆಸರೇ ಇಲ್ವಾ?"

ಗ್ಯಾರೆಟ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಬೇರೆಯವ್ರು ಏನೇನೋ ಅಂತಾರೆ. ನಿಮ್ಮ ಎರಡು ಮಾತೂ ಕೇಳಿದೀನಿ. ಯಾವುದಂದ್ರೂ ಅರ್ಧ ಜನ ಹೊಡೀತಾರೆ, ಯಾವುದೂ ಅಲ್ಲ ಅಂದ್ರೆ ಯಾರೂ ಹೊಡೆಯಲ್ಲ ಅಂತ ಲೆಕ್ಕ ಹಾಕಿದ್ದೆ. ಲೆಕ್ಕ ತಪ್ತು. ನಮ್ಮನೇಲಿ ನಮ್ಮಜ್ಜಿ ಬಾಗಿಲ ಹಿಂದೆ ಒಂದು ಇಟ್ಟಿರೋಳು. ಅದಕ್ಕೆ ಅವಳು 'ಬಾಯ್ಮುಚ್ಚು' ಅಂತ ಕರೀತಿದ್ಲು."

"ಬಾಯ್ಮುಚ್ಚು?"

"ಹೂಂ. ಅದನ್ನ ಕೈಗೆ ತಗೊಂಡಾಗೆಲ್ಲ ಅವಳು ಅನ್ನುತ್ತಿದ್ದ ಮಾತು ಅದೊಂದೇ. ಅದೇ ಅದರ ಹೆಸರು ಅಂತ ನಾನು ದೊಡ್ಡವನಾಗೋವರೆಗೂ ತಿಳ್ಕೊಂಡಿದ್ದೆ."

ಗೊಬ್ನಿತ್ ಮತ್ತೆ ನಕ್ಕಳು. ಮೂಲೆಯಲ್ಲಿ ಬಂದು ಕುಳಿತಿದ್ದ ಹೊನೋರಾ, "ಏನಂದ ಅವ್ನು?" ಎಂದಳು. "ಏನಿಲ್ಲ ಅತ್ತೆಮ್ಮಾ, ಚಳಿ ಅಂದ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.

ತಲೆ ಸುತ್ತು ನಿಲ್ಲುವತನಕ ಹೊರಡಬಾರದು ಎಂದು ಗೊಬ್ನಿತ್ ಹೇಳಿದಳು. ಗ್ಯಾರೆಟ್ ಹಟ್ಟಿಯ ಅಟ್ಟದಲ್ಲಿ ಹುಲ್ಲು ಹಾಸಿಕೊಂಡು ಮಲಗಿದ. ತಲೆ ಸುತ್ತು ಎರಡನೆಯ ದಿನವೇ ನಿಂತಿತ್ತು. ಅದನ್ನು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಕೊಳಗ ಮುಗಿಸಿ, ನೀರಿನ ತೊಟ್ಟಿ ಹಿಡಿದ. ತೊಟ್ಟಿ ಮುಗಿಸಿ, ಸೊಟ್ಟ ಹೊಗೆಗೂಡನ್ನು ನೆಟ್ಟಗೆ ಮಾಡಲೇ ಎಂದು ಕೇಳಿ ಬೈಸಿಕೊಂಡ.

ಕಣಿವೆಯಲ್ಲಿ ಮಾತ್ರ ಜಗಳದ ಸುದ್ದಿಯೇ ಇರಲಿಲ್ಲ. ಕಾಡು ಇಲ್ಲ ಎಂದಮೇಲೆ ಕಾಡಿನವರು ಯಾರು? ಬಾರು ಓಡಿಹೋಗುವವರಿಗೆ ಅಡ್ಡಿ ಎಂದಮೇಲೆ ಬಾರಿನವರು ಅದನ್ನು ಯಾವ ಮುಖದಲ್ಲಿ ಕಟ್ಟಿಕೊಳ್ಳಬೇಕು? ತಲೆಗೆ ಪಟ್ಟಿ ಸುತ್ತಿಕೊಂಡ ಗಂಡಸರು ಗೋಡೆಗೊರಗಿ ಕುಳಿತು ಸುಮ್ಮನೆ ಆಕಾಶ ನೋಡುತ್ತಿದ್ದರು. ಸಂತೆ ಈ ವರ್ಷ ತಣ್ಣಗೆ ನಡೆಯುತ್ತದೆಂದು ಪಾದ್ರಿಗಳು ಸಂತೋಷಪಟ್ಟು ಗೊಬ್ನಿತಳನ್ನು ಹೊಗಳಿದರು. ಅವಳು ಆ ಹೊಗಳಿಕೆಗೆ ಮುಖ ಸಿಂಡರಿಸಿಕೊಂಡು ಹಿತ್ತಲಿಗೆ ನಡೆದಳು.

ಸಂತೆಯ ಹಿಂದಿನ ದಿನ ಫಿನೀನ್ ಅಳುಮೋರೆ ಹಾಕಿಕೊಂಡು ಹಿತ್ತಲಿಗೆ ಬಂದ.

"ಅಕ್ಕಾ, ಆ ಮಾಹನ್ ಊರೆಲ್ಲ ಏನ್ ಹೇಳ್ಕೊಂಡು ತಿರುಗ್ತಾವ್ನೆ ಗೊತ್ತಾ? ಮೊದಲನೇ ಏಟು ಅವನಿಗೇ ಬಿತ್ತಂತೆ. ಅವನೇ ಮುಂದೆ ಇದ್ದನಂತೆ. ನಾನು ಹಿಂದೆ ನಿಂತಿದ್ದೆ ಅಂದಂಗಾಯ್ತಲ್ಲ! ನೀನೇ ಹೇಳು, ಮೊದಲು ಹೊಡೆದದ್ದು ಯಾರಿಗೆ?"

ಗೊಬ್ನಿತ್ ತಮ್ಮನ ಬೋರೆ ಎದ್ದ ತಲೆಯನ್ನು ನೋಡಿದಳು. ಸಂತೆಯ ದಿನವಿಡೀ ದನದ ಬೆಲೆಯೊಂದನ್ನೇ ಮಾತಾಡುವ ಗಂಡಸರ ಸಾಲು ಅವಳ ಕಣ್ಣಮುಂದೆ ಬಂತು.

"ನಿಂಗೇ ಕಣೋ. ಒಡಹುಟ್ಟಿದವನನ್ನ ಬಿಟ್ಟು ಮೊದಲನೇ ಏಟು ಇನ್ಯಾರಿಗಾದ್ರೂ ಕೊಡ್ತೀನಾ?"

ಫಿನೀನ್ ಹಿಗ್ಗಿ ಹೀರೇಕಾಯಿಯಾಗಿ ಓಡಿದ. ಸಂಜೆ ಮಾಹನ್ ಬಂದ, ಅದೇ ಪ್ರಶ್ನೆ ಹೊತ್ತು.

"ನಿಂಗೇ ಕಣಪ್ಪ" ಎಂದಳು ಗೊಬ್ನಿತ್. "ಗಂಡನ ಮನೆಯವರು ಮೊದಲು, ತವರಿನವರು ಆಮೇಲೆ. ಅಷ್ಟೂ ಮರ್ಯಾದೆ ಗೊತ್ತಿಲ್ವಾ ನಂಗೆ?"

ಮಾಹನ್ ಅತ್ತಿಗೆಯ ಕಾಲಿಗೆ ಬೀಳುವುದೊಂದು ಬಾಕಿ. ಹೋಗುವಾಗ ಹೊಗೆಗೂಡಿನ ಬಲಗಡೆಯ ಕೋಲುಗಳನ್ನೆಲ್ಲ ಬಿಚ್ಚಿಕೊಂಡು ಹೋದ. ಎಡಗಡೆ ಆಗಲೇ ಖಾಲಿಯಾಗಿತ್ತು.

ಮರುದಿನ ದನಗಳು ಕೈ ಬದಲಾಗಿ, ಬಿಸಿಲು ಗುಡ್ಡದ ಕಡೆ ವಾಲುವ ಹೊತ್ತಿಗೆ ಫಿನೀನ್ ತನ್ನ ಕೋಟು ಕಳಚಿ, ಅದರ ತೋಳು ಹಿಡಿದು ಕೆಸರಿನಲ್ಲಿ ಎಳೆಯುತ್ತ ಸಂತೆಯ ನಡುವೆ ನಡೆದ. "ಮೊದಲನೇ ಏಟಿನವನು ನಾನು! ಅಲ್ಲ ಅನ್ನೋನು ಈ ಕೋಟು ತುಳೀಲಿ!" ಎಂದು ಕೂಗಿದ. ಮಾಹನ್ ಎರಡು ಕಾಲನ್ನೂ ಕೂಡಿಸಿ ಕೋಟಿನ ಮೇಲೆ ನೆಗೆದ.

ಕಲ್ಲುಗೋಡೆಯ ಮೇಲೆ ಗೊಬ್ನಿತಳ ಪಕ್ಕ ಕುಳಿತಿದ್ದ ಗ್ಯಾರೆಟ್ ಹಣೆ ಮುಟ್ಟಿಕೊಂಡ. "ಬಿಡಿಸಲ್ವೇನಮ್ಮ ಅವರನ್ನ?" ಎಂದು ಕೇಳಿದ.

ಗೊಬ್ನಿತಳಿಗೆ ಅದು ಕೇಳಿಸಲಿಲ್ಲ. ಅವಳು ಗೋಡೆಯ ಮೇಲೆ ಎದ್ದು ನಿಂತಿದ್ದಳು. ಶಾಲು ಜಾರಿ ಅವನ ಮಡಿಲಿಗೆ ಬಿದ್ದಿತ್ತು.

"ಮೊಣಕೈ ಮೇಲೆತ್ತೋ ಫಿನೀನ್! ಮಾಹನ್, ಕೋಲು ನೋಡಬೇಡ ಕಣೋ, ಹೆಗಲು ನೋಡು, ಹೆಗಲು! ಅಯ್ಯೋ ದಡ್ಡ ಮುಂಡೇವಾ, ನನ್ ಮಾನ ಕಳೀತೀರಲ್ಲೋ!"